ಪುಟಕ್ಕೆ ಎಂಟು ಸಾಲು

ಮೇ 5, ಸೋಮವಾರ

ಈ ಪುಸ್ತಕದ ಬೆನ್ನು ಸೊಟ್ಟ. ಹೋದ ವರ್ಷ ನಾನೇ ಹೊಲಿದದ್ದು, ಗಿರಾಕಿಗೆ ಕೊಡಲು ನಾಚಿಕೆಯಾಗಿ ಎತ್ತಿಟ್ಟಿದ್ದೆ. ಇವತ್ತಿನಿಂದ ಇದರಲ್ಲಿ ಬರೆಯುತ್ತೇನೆ. ಅಕ್ಕ ಹೇಳಿಕೊಡುವುದು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ, ಕಾಗದದಲ್ಲಾದರೂ ನಿಲ್ಲಲಿ.

ಅಕ್ಕನ ಬಲಗಣ್ಣಿನ ಆಪರೇಷನ್ ಆಯಿತು. ಕಣ್ಣಿನ ಒಳಪರದೆ ಅಂಟು ಬಿಟ್ಟ ರಟ್ಟಿನ ಹಾಗೆ ಎದ್ದುಬಂದಿತ್ತಂತೆ. ಡಾಕ್ಟರ್ ಅದನ್ನು ಮತ್ತೆ ಕೂರಿಸಿ, ಅದು ಕಚ್ಚಿಕೊಳ್ಳಲಿ ಎಂದು ಒಳಗೊಂದು ಗಾಳಿಗುಳ್ಳೆ ಬಿಟ್ಟಿದ್ದಾರೆ. ಗುಳ್ಳೆ ಸರಿಯಾದ ಜಾಗದಲ್ಲಿ ಒತ್ತಬೇಕಾದರೆ ಅಕ್ಕ ಎರಡು ವಾರ ಮುಖ ಕೆಳಗೆ ಮಾಡಿಯೇ ಇರಬೇಕು. ಉಣ್ಣುವಾಗಲೂ, ಮಲಗುವಾಗಲೂ. ನಾವು ಪುಸ್ತಕಕ್ಕೆ ಅಂಟು ಹಚ್ಚಿ ಭಾರದ ಕೆಳಗೆ ಇಡುತ್ತೇವಲ್ಲ, ಅದೇ ಲೆಕ್ಕ. ಹಾಗೆಂದಾಗ ಡಾಕ್ಟರ್ ನಕ್ಕರು. "ಸರಿಯಾಗಿ ಅರ್ಥ ಮಾಡ್ಕೊಂಡ್ರಿ. ಅಳಿಸ್ಬೇಡಿ, ಬೆಚ್ಚಿಬೀಳಿಸ್ಬೇಡಿ, ಅಷ್ಟೇ" ಎಂದರು.

ಅಳಿಸುವುದಂತೆ. ನಮ್ಮಕ್ಕ ಅತ್ತದ್ದನ್ನು ನಾನು ಈ ಐವತ್ತಾರು ವರ್ಷದಲ್ಲಿ ಕಂಡಿಲ್ಲ.

ನಿಜವಾದ ಕಷ್ಟ ಬೇರೆ. ಮಂದದೃಷ್ಟಿಯ ಮಕ್ಕಳ ಶಾಲೆಯಿಂದ ಬಂದ ಪಾಠಪುಸ್ತಕದ ಕೆಲಸ. ಮಾಮೂಲಿ ಪುಸ್ತಕವನ್ನು ದೊಡ್ಡ ಅಕ್ಷರದಲ್ಲಿ, ಪುಟಕ್ಕೆ ಎಂಟೇ ಸಾಲು ಬರುವಂತೆ ಮಾಡಿಕೊಡಬೇಕು. ಇಪ್ಪತ್ತೆರಡು ಪ್ರತಿ. ಜೂನ್ ಎರಡಕ್ಕೆ ಶಾಲೆ ಶುರು. ಹೋದ ವರ್ಷ ಬೇರೆ ಯಾರೋ ತಡಮಾಡಿ, ಆ ಮಕ್ಕಳು ಮೂರು ತಿಂಗಳು ಪುಸ್ತಕವೇ ಇಲ್ಲದೆ ಕೂತಿದ್ದರಂತೆ. ಕಂಪ್ಯೂಟರಿನ ಕೆಲಸ ಅಕ್ಕನದು, ಹೊಲಿದು ಕಟ್ಟುವುದು ನನ್ನದು. ಹದಿನಾಲ್ಕು ಪಾಠಗಳಲ್ಲಿ ಹದಿಮೂರು ಮುಗಿಸಿಯೇ ಆಸ್ಪತ್ರೆಗೆ ಹೋಗಿದ್ದಳು. ಉಳಿದ ಒಂದನ್ನು ನಾನು ಟೈಪ್ ಮಾಡಬೇಕಂತೆ.

"ನನ್ನಿಂದ ಆಗಲ್ಲಕ್ಕಾ" ಎಂದೆ.

"ಒಂದು ಪಾಠ ಕಣೇ. ಬೆಳಿಗ್ಗೆ ಪುಸ್ತಕ, ಪೆನ್ನು ತಗೊಂಡು ಬಾ" ಎಂದಳು ನೆಲಕ್ಕೆ.

ಮೇ 6, ಮಂಗಳವಾರ

ಅಕ್ಕ ಮಂಚದ ಅಂಚಿಗೆ ತಲೆ ಇಳಿಬಿಟ್ಟು ಮಲಗಿದ್ದಾಳೆ. ನಾನು ನೆಲದ ಮೇಲೆ. ಅವಳು ಹೇಳುವುದು ನನ್ನ ತಲೆಯ ಮೇಲೆ ಬೀಳುತ್ತದೆ, ಪ್ರತಿಯೊಂದರ ಕೊನೆಗೂ ಒಂದು "ಬರ್ಕೋ." ಪಕ್ಕದ ಕೋಣೆಯ ಕಂಪ್ಯೂಟರಿಗೆ ಓಡುವುದು, ಮಾಡುವುದು, ಕೆಡಿಸುವುದು, ಮತ್ತೆ ಬಂದು ಕೂರುವುದು. ಮೊಣಕಾಲುಗಳು ಶಾಪ ಹಾಕುತ್ತಿವೆ.

ಅಕ್ಕನ ಕಂಪ್ಯೂಟರನ್ನು ಓಡಿಸುವುದು ಲಿನಕ್ಸ್. ಯಂತ್ರ ಎಷ್ಟು ಹಳೆಯದೆಂದರೆ ಬೇರೆ ಯಾವುದನ್ನು ಹಾಕಿದರೂ ಏದುಸಿರು ಬಿಡುತ್ತದೆ, ಇದೊಂದೇ ಗೊಣಗದೆ ಓಡುತ್ತದೆ ಎನ್ನುತ್ತಾಳೆ. ನನಗೆ ಎಲ್ಲವೂ ಒಂದೇ ಥರದ ಕಾಟ.

ಬರೆದುಕೊಂಡದ್ದು: ಕಿಟಕಿಯ ಚಿತ್ರವಿರುವ ಕೀಲಿ ಒತ್ತಿ, ಬೇಕಾದ ಕೆಲಸದ ಹೆಸರಿನ ಮೊದಲೆರಡು ಅಕ್ಷರ ಹೊಡೆದರೆ ಸಾಕು, ಅದೇ ಎದುರಿಗೆ ಬರುತ್ತದೆ, ಹುಡುಕಾಡಬೇಕಿಲ್ಲ. ಅದೇ ಕೀಲಿ ಹಿಡಿದು ಉದ್ದನೆಯ ಪಟ್ಟಿ ಒತ್ತಿದರೆ ಇಂಗ್ಲಿಷ್ ಹೋಗಿ ನಮ್ಮ ಅಕ್ಷರ. ಕಂಟ್ರೋಲ್ ಹಿಡಿದು S ಒತ್ತಿದರೆ ಬರೆದದ್ದು ಉಳಿಯುತ್ತದೆ. ಉಸಿರಾಡುವಷ್ಟು ಸಲ ಒತ್ತಬೇಕಂತೆ.

"ಪರದೆ ಮೇಲೆ ಮೊದಲು ಕಾಣೋದು ನಿನ್ನ ಮೇಜಿದ್ದ ಹಾಗೆ. ಕೆಲಸ ಮಾಡೋ ವಸ್ತು ಅಲ್ಲಿರುತ್ತೆ. ಬೇಡದ್ದಕ್ಕೆ ಪಕ್ಕದಲ್ಲೇ ಕಸದ ಬುಟ್ಟಿ" ಎಂದಳು. ಇಡೀ ದಿನದಲ್ಲಿ ನನಗೆ ಅರ್ಥವಾದದ್ದು ಇದೊಂದೇ.

ಸಂಜೆ ಆರೂವರೆಗೆ ನಿಲ್ಲಿಸಿದೆ. ಹೊಸ ಪಾಠದ ನಾಲ್ಕು ಸಾಲು ಆಗಿದೆ. ಎದ್ದು ಬರುವ ಮೊದಲು, ಅಪ್ಪ ಕಲಿಸಿದಂತೆ, ಮೇಜು ಚೊಕ್ಕ ಮಾಡಿದೆ. ಸಂಜೆ ಮೇಜಿನ ಮೇಲೆ ಏನೂ ಉಳಿಯಬಾರದು, ಮುಗಿದದ್ದು ಭಾರದ ಕೆಳಗೆ, ಉಳಿದದ್ದು ಕಸಕ್ಕೆ, ಇದು ನಮ್ಮ ಬೈಂಡಿಂಗ್ ಕಾರ್ಖಾನೆಯ ಕಟ್ಟುಪಾಡು. ಅಕ್ಕನ ಆ ಮೇಜಿನ ಮೇಲೆ ಏನೆಲ್ಲ ಚೂರುಪಾರು ಹರಡಿಕೊಂಡಿತ್ತು. ಎಲ್ಲ ಎತ್ತಿ ಬುಟ್ಟಿಗೆ ಹಾಕಿ, ಬುಟ್ಟಿಯನ್ನೂ ಖಾಲಿ ಮಾಡಿದೆ. ಪರದೆ ಕನ್ನಡಿಯ ಹಾಗಾಯಿತು. ಯಾರ ಸಹಾಯವೂ ಇಲ್ಲದೆ ಮಾಡಿದ ಮೊದಲ ಕೆಲಸ, ಸ್ವಲ್ಪ ಹೆಮ್ಮೆಯಾಯಿತು.

ಮೇ 7, ಬುಧವಾರ

ಎಲ್ಲ ಹೋಯಿತು. ಹದಿಮೂರು ಪಾಠ. ಎಲ್ಲ ಆ ಮೇಜಿನ ಮೇಲಿದ್ದವು.

ಮೇ 8, ಗುರುವಾರ

ನಿನ್ನೆ ಅದಕ್ಕಿಂತ ಹೆಚ್ಚು ಬರೆಯಲು ಆಗಲಿಲ್ಲ. ಇವತ್ತು ಬೆಳಿಗ್ಗೆ ಗಂಜಿ ಕುಡಿಸುವಾಗ ಏನೂ ಆಗದವಳ ಹಾಗೆ ಕೇಳಿದೆ, "ಅಕ್ಕಾ, ಬುಟ್ಟಿಗೆ ಹಾಕಿ ಬುಟ್ಟೀನೂ ಖಾಲಿ ಮಾಡಿದ್ರೆ ವಾಪಸ್ ಬರುತ್ತಾ?"

"ಬುಟ್ಟಿಯಿಂದಂತೂ ಬರಲ್ಲ. ಯಾಕೆ?"

"ಸುಮ್ನೆ ಕೇಳ್ದೆ."

ಅಕ್ಕ ಸ್ವಲ್ಪ ಹೊತ್ತು ನೆಲ ನೋಡುತ್ತಾ ಇದ್ದಳು. ಬೇರೆ ಏನು ನೋಡುತ್ತಾಳೆ ಪಾಪ. "ಏನಾದ್ರೂ ಬೇಕಾದ್ರೆ ಕೇಳು, ಸಂಕೋಚ ಪಡಬೇಡ" ಎಂದಳು.

ಹೇಳಿದರೆ ಅಳುತ್ತಾಳೆ, ಅತ್ತರೆ ಕಣ್ಣು ಹೋಗುತ್ತದೆ. ಅಳದಿದ್ದರೆ ಬೈಯುತ್ತಾಳೆ, ಆಗಲೂ ಕಣ್ಣು ಹೋಗುತ್ತದೆ. ಹಿಂದೊಮ್ಮೆ ಅವಳ ಕನ್ನಡಕವನ್ನೇ ಕಾಗದದ ಚೂರುಗಳ ಜೊತೆ ಗುಡಿಸಿ ಎಸೆದಿದ್ದೆ. ಅದನ್ನು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ. ಬಾಯಿಗೆ ಬೀಗ ಹಾಕಿಕೊಳ್ಳುವುದೇ ಸರಿ.

ನಾನೇ ಮತ್ತೆ ಹೊಡೆಯುತ್ತೇನೆ. ಪಾಠ ಹೇಗೂ ಮಾಮೂಲಿ ಪುಸ್ತಕದಲ್ಲಿದೆ. ಇಲ್ಲದಿರುವುದು ಚಿತ್ರಗಳ ವಿವರಣೆ. "ಚಿತ್ರ ನೋಡಿ ಉತ್ತರಿಸಿ" ಎಂದರೆ ಆ ಮಕ್ಕಳು ಏನು ನೋಡಬೇಕು? ಅದಕ್ಕೇ ಅಕ್ಕ ಪ್ರತಿ ಚಿತ್ರವನ್ನೂ ಮಾತಿನಲ್ಲಿ ಬರೆದಿದ್ದಳು. ಮೂವತ್ತೊಂದು ಚಿತ್ರ.

ಇವತ್ತು ಒಂದು ಪುಟ. ಎಂಟು ಸಾಲು. ಒಂದು ಬೆರಳು.

ಮೇ 10, ಶನಿವಾರ

ಹೋದ ಜೀವ ಬಂತು. ಅಕ್ಕ ತಪ್ಪು ತಿದ್ದಲು ಅಚ್ಚು ತೆಗೆದಿದ್ದ ಹಾಳೆಗಳನ್ನು ನಾನು ರದ್ದಿ ಕಟ್ಟಿನಲ್ಲಿ ಇಟ್ಟಿದ್ದೆ, ಪುಸ್ತಕದ ಬೆನ್ನಿಗೆ ಒಳಗಿಂದ ಅಂಟಿಸಲು ಬರುತ್ತದೆಂದು. ಬೆಳಿಗ್ಗೆ ಕತ್ತರಿಸಲು ಕೈಗೆತ್ತಿಕೊಂಡಾಗ ಅಕ್ಕನ ಚಿತ್ರ ವಿವರಣೆಗಳು ಕಂಡವು. ಕಟ್ಟು ಬಿಚ್ಚಿ ನೆಲದ ಮೇಲೆ ಹರಡಿದೆ. ಹದಿನೆಂಟು ಸಿಕ್ಕವು. ಕೆಲವನ್ನು ಆಗಲೇ ಪಟ್ಟಿಪಟ್ಟಿಯಾಗಿ ಕತ್ತರಿಸಿದ್ದೆ, ಜೋಡಿಸಿ ಓದಿದೆ. ಉಳಿದವು ಬೇರೊಂದು ಶಾಲೆಯ ಹಾಜರಿ ಪುಸ್ತಕಗಳ ಬೆನ್ನಿನಲ್ಲಿ ಕೂತಿವೆ, ಪುಣ್ಯಕ್ಕೆ ಅವರು ಇನ್ನೂ ಒಯ್ದಿಲ್ಲ. ಆವಿ ಹಿಡಿದು ಒಂದೊಂದೇ ಬಿಡಿಸಿದೆ. ಹನ್ನೆರಡು ಬಂತು.

ಒಂದು ಇಲ್ಲ. ಬಸ್ ನಿಲ್ದಾಣದ ಚಿತ್ರದ್ದು. ಗೋಂದಿನ ಡಬ್ಬಿಯ ಕೆಳಗೆ ಹಾಸಿದ್ದೆ, ಎತ್ತಿದರೆ ಪುಡಿಪುಡಿ.

"ಏನೇ ಅದು, ಬೆಳಿಗ್ಗೆಯಿಂದ ಕೆಟಲ್ ಕುದೀತಾನೇ ಇದೆ?" ಎಂದಳು ಅಕ್ಕ ಒಳಗಿಂದ.

"ಟೀ."

"ಎಷ್ಟು ಜನಕ್ಕೆ?"

ಮೇ 12, ಸೋಮವಾರ

ಇವತ್ತು ಇಪ್ಪತ್ತಾರು ಪುಟ. ಎರಡು ಕೈ ಬಳಸುತ್ತಿದ್ದೇನೆ.

ಅಕ್ಷರದ ಗಾತ್ರವನ್ನು ಪ್ರತಿ ಸಾಲಿಗೂ ದೊಡ್ಡದು ಮಾಡುತ್ತಾ ಕೂತಿದ್ದೆ. ಅಕ್ಕನಿಗೆ ಹೇಗೋ ಗೊತ್ತಾಯಿತು, "ಹಾಗೆ ಮಾಡ್ತಿದ್ರೆ ಮುದುಕಿ ಆಗ್ತೀಯ" ಎಂದು ಶೈಲಿ ಮಾಡಿಡುವುದನ್ನು ಹೇಳಿಕೊಟ್ಟಳು. ಒಮ್ಮೆ ಅಳತೆ ಕೊಟ್ಟು ಹೆಸರಿಟ್ಟರೆ ಮುಗಿಯಿತು, ಇಡೀ ಪುಸ್ತಕ ಅದನ್ನೇ ಕೇಳುತ್ತದೆ. ಇನ್ನೊಂದು: ಒಂದು ಕಡೆ ಪದಗಳನ್ನು ಮೌಸ್ ಎನ್ನುವ ಆ ಇಲಿಯಿಂದ ಎಳೆದು ಗುರುತು ಮಾಡಿ, ಇನ್ನೊಂದು ಕಡೆ ಹೋಗಿ ಇಲಿಯ ಚಕ್ರವನ್ನು ಒತ್ತಿದರೆ ಅಲ್ಲಿ ಬಂದು ಕೂರುತ್ತದೆ. ಬೇರೆ ಯಾವ ಕೀಲಿಯೂ ಬೇಡ. ಇದನ್ನು ನಾಲ್ಕು ಸಲ ಸುಮ್ಮನೆ ಮಾಡಿ ನೋಡಿದೆ.

ಮಧ್ಯಾಹ್ನ ಬರೆಯುವ ಕಿಟಕಿ ಕಲ್ಲಾಗಿ ಕೂತಿತು. ಏನು ಒತ್ತಿದರೂ ಜಪ್ಪಯ್ಯ ಅನ್ನಲಿಲ್ಲ. ಅಕ್ಕನ ಹತ್ತಿರ ಓಡಿದೆ.

"ಕಂಟ್ರೋಲ್, ಆಲ್ಟ್ ಹಿಡಿದು T. ಕರಿ ಕಿಟಕಿ ಬರುತ್ತೆ. ಅದರಲ್ಲಿ xkill ಅಂತ ಹೊಡೆದು ಎಂಟರ್ ಒತ್ತು. ಬಾಣ ಹೋಗಿ ಅಡ್ಡಗೀಟು ಬರುತ್ತೆ. ಅದರಿಂದ ಕಲ್ಲಾದ ಕಿಟಕಿ ಮೇಲೆ ಒಂದೇ ಏಟು. ಬೇರೆ ಎಲ್ಲೂ ಮುಟ್ಟಬೇಡ. ಬರ್ಕೋ."

ಆ ಕರಿ ಕಿಟಕಿ ಎಂದರೆ ನನಗೆ ಮೊದಲಿನಿಂದಲೂ ಭಯ. ಆದರೆ ಒಂದೇ ಏಟಿಗೆ ಹೋಯಿತು. ಮತ್ತೆ ತೆರೆದರೆ ಬರೆದದ್ದೆಲ್ಲ ಇದೆ, ಉಸಿರಾಡುವಷ್ಟು ಸಲ S ಒತ್ತಿದ್ದೆನಲ್ಲ. ಖುಷಿಗೆ ಒಂದು ಲೋಟ ನಿಜವಾದ ಟೀ ಮಾಡಿಕೊಂಡೆ, ಅಕ್ಕನಿಗೆ ಸ್ಟ್ರಾ ಹಾಕಿ ಕೊಟ್ಟೆ.

ಮೇ 14, ಬುಧವಾರ

ನನ್ನ ಕಂಪ್ಯೂಟರಿಗೆ ಇವತ್ತು ಹುಚ್ಚು ಹಿಡಿಯಿತು. ಇದ್ದಕ್ಕಿದ್ದಂತೆ ಇಡೀ ಪರದೆ ಉಬ್ಬಿ, ಒಂದೇ ಅಕ್ಷರ ಗೋಡೆಯಷ್ಟಾಯಿತು. ಇಲಿ ಸರಿಸಿದ ಕಡೆಗೆ ಎಲ್ಲ ತೇಲಿ ಹೋಗುತ್ತದೆ. ಅಕ್ಕನಿಗೆ ಆಗತಾನೇ ನಿದ್ದೆ ಹತ್ತಿತ್ತು, ಎಬ್ಬಿಸಲು ಮನಸ್ಸಾಗಲಿಲ್ಲ. ತಲೆ ಮೇಲೆ ಕೈ ಹೊತ್ತು ಕೂತು, ಆಗ ನನ್ನ ಕೈಗಳು ಎಲ್ಲಿದ್ದವು ಎಂದು ನೆನಪು ಮಾಡಿಕೊಂಡೆ. ಹೆಬ್ಬೆರಳು ಆಲ್ಟ್ ಕೀಲಿಯ ಮೇಲಿತ್ತು, ನಡುಬೆರಳು ಇಲಿಯ ಚಕ್ರ ತಿರುಗಿಸಿತ್ತು. ಆಲ್ಟ್ ಹಿಡಿದು ಚಕ್ರವನ್ನು ಹಿಂದಕ್ಕೆ ತಿರುಗಿಸಿದೆ. ಎಲ್ಲ ಮೊದಲಿನ ಹಾಗಾಯಿತು.

ಯಾರನ್ನೂ ಕೇಳಲಿಲ್ಲ. ಯಾವ ಕೆಲಸಕ್ಕೂ ಬಾರದ ವಿದ್ಯೆ, ಆದರೂ ಬರೆದಿಡುತ್ತೇನೆ. ಮೂವತ್ತೆಂಟು ಪುಟ.

ಮೇ 16, ಶುಕ್ರವಾರ

ಬಸ್ ನಿಲ್ದಾಣ.

ಬೆಳಿಗ್ಗೆಯಿಂದ ಆ ಚಿತ್ರವನ್ನೇ ನೋಡುತ್ತಾ ಕೂತಿದ್ದೇನೆ. ಅಕ್ಕ ಹೇಗೆ ಬರೆದಿದ್ದಳೋ ನೆನಪಿಲ್ಲ. ನಾನು ರಟ್ಟು ಕತ್ತರಿಸುವವಳು, ಮಕ್ಕಳಿಗೆ ಚಿತ್ರ ಹೇಳಲು ನನಗೇನು ಬರುತ್ತದೆ? ಮೂರು ಸಲ ಬರೆದು ಅಳಿಸಿದೆ. ಕೊನೆಗೆ ಕಣ್ಣು ಮುಚ್ಚಿ ಮಲಗಿದ ಅಕ್ಕನಿಗೆ ಹೇಳುತ್ತಿದ್ದೇನೆ ಎಂದುಕೊಂಡು ಬರೆದೆ:

"ಬಸ್ ಇನ್ನೂ ಬಂದಿಲ್ಲ. ಬೆಂಚಿನ ಮೇಲೆ ಏಳು ಜನ ಒತ್ತೊತ್ತಾಗಿ ಕೂತಿದ್ದಾರೆ. ಕೊನೆಯಲ್ಲಿರುವ ಅಜ್ಜಿ ಒಂದು ಚಪ್ಪಲಿ ಬಿಚ್ಚಿ, ಅದರ ಪಟ್ಟಿ ಕಿತ್ತಿದೆಯೇ ಎಂದು ನೋಡುತ್ತಿದ್ದಾಳೆ. ಬೆಂಚಿನ ಕೆಳಗಿನ ನಾಯಿಯೂ ಆ ಚಪ್ಪಲಿಯನ್ನೇ ನೋಡುತ್ತಿದೆ."

ಎಂಟು ಸಾಲಿಗೆ ಸರಿಯಾಗಿ ಕೂತಿತು. ಒಂದು ಕಡೆ ಪದ ಒಡೆಯುತ್ತಿತ್ತು, ಅದನ್ನು ಕೆಳಕ್ಕೆ ಇಳಿಸಿದೆ. ಒಳಗಿನ ಅಂಚನ್ನೂ ಎಲ್ಲ ಪುಟಕ್ಕೂ ಒಂದು ಬೆರಳು ಅಗಲ ಮಾಡಿದೆ. ಹೊಲಿದ ಮೇಲೆ ಅಕ್ಷರ ಬೆನ್ನಿನ ಮಡಿಕೆಯೊಳಗೆ ಹೊಕ್ಕರೆ, ಮೂಗು ತಾಗಿಸಿ ಓದುವ ಮಗು ಅಲ್ಲಿ ಏನು ಕಾಣಬೇಕು? ಅಕ್ಕ ಇದನ್ನು ಯೋಚಿಸಿರಲಿಲ್ಲ ಅನ್ನಿಸುತ್ತದೆ. ಅವಳು ಹೊಲಿಯುವವಳಲ್ಲವಲ್ಲ.

ಮೇ 19, ಸೋಮವಾರ

ಅಂಟಿಕೊಂಡಿದೆ.

ಡಾಕ್ಟರ್ ಎರಡು ಸಲ ನೋಡಿ ಹೇಳಿದರು. ಇನ್ನು ಎದ್ದು ಕೂರಬಹುದು, ನಡೆಯಬಹುದು. ಕಂಪ್ಯೂಟರಿನ ಪರದೆ ನೋಡುವುದು ಮಾತ್ರ ಇನ್ನೂ ಎರಡು ವಾರ ಬೇಡ. ಹೊರಗೆ ಬಂದ ಮೇಲೆ ನಾನು ಮೆಟ್ಟಿಲ ಮೇಲೆ ಕೂತು ಗಳಗಳ ಅತ್ತುಬಿಟ್ಟೆ. ಅಳಬಾರದು ಎಂದದ್ದು ಅವಳಿಗೆ, ನನಗಲ್ಲವಲ್ಲ.

"ಏಳೇ, ಜನ ನೋಡ್ತಿದ್ದಾರೆ" ಎಂದಳು ಅಕ್ಕ. ಎರಡು ವಾರದ ಮೇಲೆ ಅವಳ ಮುಖ ನೆಟ್ಟಗೆ ಕಂಡದ್ದು ಆಗಲೇ. ಕೆನ್ನೆಯ ಮೇಲೆ ದಿಂಬಿನ ಗುರುತು.

ಎರಡು ಪಾಠ ಬಾಕಿ.

ಮೇ 21, ಬುಧವಾರ

ಸಂಜೆ ನಾಲ್ಕಕ್ಕೆ ಕೊನೆಯ ಸಾಲು ಮುಗಿಯಿತು. ಹದಿನಾಲ್ಕು ಪಾಠ, ಮುನ್ನೂರ ನಾಲ್ಕು ಪುಟ. ಹೋಗಿ ಅಕ್ಕನಿಗೆ, "ಪಾಠ ಮುಗೀತು" ಎಂದೆ. ಎಷ್ಟು ಪಾಠ ಎಂದು ಹೇಳಲಿಲ್ಲ.

ಅಕ್ಕ ಕುರ್ಚಿಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಳು. "ಇನ್ನೊಂದು ಹೇಳಿಕೊಡೋದು ಬಾಕಿ ಇತ್ತು. ಫೈಲುಗಳ ಕಿಟಕಿ ತೆಗೆದು ಕಂಟ್ರೋಲ್ ಹಿಡಿದು H ಒತ್ತು. ಹೆಸರಿನ ಮೊದಲು ಚುಕ್ಕಿ ಇಟ್ಟ ಫೈಲು ಮಾಮೂಲಾಗಿ ಕಣ್ಣಿಗೆ ಬೀಳಲ್ಲ. ಆಗ ಬೀಳುತ್ತೆ. ಬರ್ಕೋ" ಎಂದಳು.

ಬರೆದುಕೊಂಡು ಹೋಗಿ ಒತ್ತಿದೆ. ಏನೇನೋ ಹೆಸರುಗಳು ಮೂಡಿದವು. ನಡುವೆ ಒಂದು, ಮುಂದೆ ಚುಕ್ಕಿ, ಆಮೇಲೆ ನಮ್ಮ ಅಕ್ಷರದಲ್ಲಿ: ಗುಡಿಸಬೇಡ.

ತೆರೆದೆ. ಒಳಗೆ ದಿನಕ್ಕೊಂದರಂತೆ ತಾರೀಖಿನ ಕೋಣೆಗಳು. ಮೇ 6ರಲ್ಲಿ ಅಕ್ಕನ ಹದಿಮೂರೂ ಪಾಠಗಳು, ಒಂದು ಅಕ್ಷರ ಕೆಡದೆ. ಮೇ 7 ಖಾಲಿ. ಮೇ 8ರಲ್ಲಿ ನಾಲ್ಕು ಸಾಲು. ಮೇ 9ರಲ್ಲಿ ಎರಡು ಪುಟ. ಹಾಗೇ ಬೆಳೆಯುತ್ತಾ ಇವತ್ತಿನವರೆಗೆ. ದಿನಾ ಮಧ್ಯಾಹ್ನ ಒಂದು ಗಂಟೆಗೆ, ನಾವು ಊಟಕ್ಕೆ ಎದ್ದಾಗ, ಆ ಯಂತ್ರ ಮೇಜಿನ ಮೇಲಿದ್ದುದನ್ನೆಲ್ಲ ತಾನೇ ನಕಲು ಮಾಡಿ ಬಚ್ಚಿಡುತ್ತದೆ. ಈ ಪುಸ್ತಕಕ್ಕಿಂತ ಅದೇ ಸರಿಯಾದ ದಿನಚರಿ.

ಎದ್ದು ಬಂದು ಬಾಗಿಲಲ್ಲಿ ನಿಂತೆ.

"ಸಿಕ್ತಾ?" ಎಂದಳು ಅಕ್ಕ.

"ನಿಂಗೆ ಗೊತ್ತಿತ್ತು."

"ಒಂದು ಪಾಠಕ್ಕೆ ಎರಡು ವಾರ ಟಕಟಕ ಯಾಕೆ ಕೇಳಿಸುತ್ತೆ? ಕಣ್ಣು ಹೋಗಿತ್ತು, ಕಿವಿ ಇತ್ತಲ್ಲ. ನೀನು ಮೇಜು ಚೊಕ್ಕ ಮಾಡೋದು ನಂಗೆ ಹೊಸದಾ? ಕನ್ನಡಕ ಗುಡಿಸಿದ ವರ್ಷಾನೇ ಆ ಏರ್ಪಾಡು ಮಾಡಿದ್ದು."

"ಎರಡು ವಾರ ನನ್ನನ್ನ ಕತ್ತೆ ಹಾಗೆ ದುಡಿಸ್ದೆ. ಒಂದು ಮಾತು ಹೇಳಿದ್ರೆ ಎರಡು ನಿಮಿಷದ ಕೆಲಸ."

"ಹೌದು" ಎಂದಳು. ಬಟಾಣಿ ಕೆಳಗಿಟ್ಟಳು. "ಎಡಗಣ್ಣಲ್ಲೂ ತೆಳುವಾದ ಜಾಗ ಇದೆಯಂತೆ ಕಣೇ. ಇವತ್ತೋ, ಐದು ವರ್ಷಕ್ಕೋ ಅದೂ ಅಂಟು ಬಿಡಬಹುದು, ಬಿಡದೇನೂ ಇರಬಹುದು. ಮೊದಲ ದಿನಾನೇ ಹೇಳಿದ್ರು, ನಿಂಗೆ ಹೇಳ್ಲಿಲ್ಲ. ಎಂಟನೇ ತಾರೀಖು ನೀನು ಬುಟ್ಟಿ ಬಗ್ಗೆ ಕೇಳಿದಾಗ ಹೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ನೀನು ಹೋಗಿ ಹೊಡೆಯೋಕೆ ಶುರು ಮಾಡ್ದೆ. ಹತ್ತು ವರ್ಷ ಕರೆದರೂ ಆ ಕುರ್ಚಿ ಹತ್ತಿರ ಬಂದಿರಲಿಲ್ಲ. ನಿಲ್ಲಿಸೋಕೆ ಮನಸ್ಸಾಗ್ಲಿಲ್ಲ."

ಬಾಗಿಲು ಹಾಕಿಕೊಂಡು ಬಂದೆ.

ಮೇ 22, ಗುರುವಾರ

ಇವತ್ತು ಅಕ್ಕನ ಜೊತೆ ಮಾತಿಲ್ಲ. ಕಣ್ಣಿಗೆ ಔಷಧಿ ಮಾತ್ರ ನಾಲ್ಕು ಸಲ ಹಾಕಿದೆ.

ಮೇ 23, ಶುಕ್ರವಾರ

ಯಾವುದನ್ನು ಅಚ್ಚು ಹಾಕುವುದು, ಅವಳದೋ ನನ್ನದೋ? ಕೇಳಬೇಕಾದರೆ ಮಾತಾಡಬೇಕಲ್ಲ. ಮಾತಾಡಿದೆ.

"ಎರಡರಲ್ಲೂ ಬಸ್ ನಿಲ್ದಾಣ ಓದು" ಎಂದಳು.

ಅವಳದು: "ಇದು ಬಸ್ ನಿಲ್ದಾಣ. ಬೆಂಚಿನ ಮೇಲೆ ಏಳು ಜನರಿದ್ದಾರೆ. ಬೆಂಚಿನ ಕೆಳಗೆ ಒಂದು ನಾಯಿ ಇದೆ." ತಪ್ಪೇನಿಲ್ಲ. ಆಮೇಲೆ ನನ್ನದು ಓದಿದೆ. ಚಪ್ಪಲಿ ಬಂದಾಗ ಅಕ್ಕನಿಗೆ ನಗು ಬಂತು. ನಾಯಿ ಬಂದಾಗ ಆಪರೇಷನ್ ಆದ ಕಣ್ಣಿಗೆ ಹಾಕಿದ್ದ ಮುಚ್ಚಳವನ್ನು ಹಿಡಿದುಕೊಂಡಳು, ನಗಬಾರದು ನಗಬಾರದು ಎನ್ನುತ್ತಾ. ನನಗೂ ತಡೆಯಲಾಗಲಿಲ್ಲ. ಎರಡು ದಿನದ ಸಿಟ್ಟು ಎಲ್ಲಿ ಹೋಯಿತೋ. ಒಳಗಿನ ಅಂಚು ಅಗಲ ಮಾಡಿದ್ದನ್ನೂ ಹೇಳಿದೆ.

"ನಿನ್ನದೇ ಹಾಕು. ಅಂಚೂ ಅಗಲ ಇದೆ ಅಂದ್ಯಲ್ಲ" ಎಂದಳು.

ಮೇ 28, ಬುಧವಾರ

ಅಚ್ಚಿನ ಯಂತ್ರ ಹನ್ನೊಂದನೇ ಪ್ರತಿಗೆ ಮುಷ್ಕರ ಹೂಡಿತು. ಹಳೆಯ ಆಜ್ಞೆಗಳು ಒಂದರ ಹಿಂದೊಂದು ಸಾಲು ನಿಂತು ಯಾವುದೂ ಮುಂದೆ ಹೋಗುತ್ತಿರಲಿಲ್ಲ. ಕರಿ ಕಿಟಕಿ ತೆರೆದು, ಅಕ್ಕ ಹಿಂದೆ ಬರೆಸಿದ್ದ cancel -a ಹೊಡೆದೆ, ಸಾಲು ಖಾಲಿಯಾಯಿತು, ಮತ್ತೆ ಶುರು ಮಾಡಿದೆ. ಅಕ್ಕ ಪಕ್ಕದ ಕೋಣೆಯಲ್ಲಿ ರೇಡಿಯೋ ಕೇಳುತ್ತಿದ್ದಳು, ಅವಳಿಗೆ ಗೊತ್ತೂ ಆಗಲಿಲ್ಲ. ರಾಶಿ ರಾಶಿ ಹಾಳೆ. ಇನ್ನು ನನ್ನ ಹಳೆಯ ಕೆಲಸ, ಸೂಜಿ, ದಾರ, ಅಂಟು. ಬೆರಳುಗಳಿಗೆ ತವರಿಗೆ ಬಂದಷ್ಟು ಸುಖ.

ಜೂನ್ 2, ಸೋಮವಾರ

ಇಪ್ಪತ್ತೆರಡು ಪುಸ್ತಕ, ಬೆಳಿಗ್ಗೆ ಒಂಬತ್ತಕ್ಕೆ ಶಾಲೆಯ ಮೇಜಿನ ಮೇಲೆ. ಒಂದರ ಬೆನ್ನೂ ಸೊಟ್ಟ ಇಲ್ಲ.

ಟೀಚರಮ್ಮ ಅಲ್ಲೇ ಹಂಚಿದರು. ಮುಂದಿನ ಬೆಂಚಿನ ಹುಡುಗಿ ಪುಸ್ತಕವನ್ನು ಪೂರ್ತಿ ಚಪ್ಪಟೆಯಾಗಿ ಬಿಡಿಸಿ, ಅದರ ಮೇಲೆ ಮುಖವಿಟ್ಟು, ಸಾಲಿನುದ್ದಕ್ಕೂ ಮೂಗು ಸರಿಸುತ್ತಾ ಓದಿದಳು. ಬೆನ್ನಿನ ಮಡಿಕೆಯ ಹತ್ತಿರ ಎಲ್ಲೂ ತಡವರಿಸಲಿಲ್ಲ. ಎಲ್ಲೋ ನಡುವೆ ತೆರೆದಿದ್ದಳು. ಇದ್ದಕ್ಕಿದ್ದಂತೆ ಪಕ್ಕದವಳನ್ನು ತಿವಿದು, "ಅಜ್ಜಿ ಚಪ್ಪಲಿ ಮೇಲೆ ನಾಯಿ ಕಣ್ಣು ಹಾಕಿದೆ ಕಣೇ" ಎಂದಳು.

ಅಕ್ಕ ನನ್ನ ಕೈ ಹಿಡಿದುಕೊಂಡಳು. ಎದೆಯ ಮೇಲಿದ್ದ ಭಾರ ಪೂರ್ತಿ ಇಳಿದದ್ದು ಆಗಲೇ.

ಜೂನ್ 4, ಬುಧವಾರ

ಡಾಕ್ಟರ್ ದಿನಕ್ಕೆ ಅರ್ಧ ಗಂಟೆ ಪರದೆ ನೋಡಲು ಬಿಟ್ಟಿದ್ದಾರೆ. ಅಕ್ಕ ತನ್ನ ಕುರ್ಚಿಯಲ್ಲಿ ಕೂತಳು. ಕೂತು, ಮುಂದಕ್ಕೆ ಬಾಗಿದಳು. ಇನ್ನೂ ಬಾಗಿದಳು. ನೋಡುತ್ತಾ ನೋಡುತ್ತಾ ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಯಿತು, ಶಾಲೆಯ ಆ ಹುಡುಗಿಯ ಹಾಗೆ.

"ಇಷ್ಟು ಸಣ್ಣ ಅಕ್ಷರ ಇತ್ತೇನೇ ಮೊದಲು?" ಎಂದಳು.

ನಾನು ಹಿಂದಿನಿಂದ ಕೈ ಚಾಚಿ, ಆಲ್ಟ್ ಹಿಡಿದು ಇಲಿಯ ಚಕ್ರ ತಿರುಗಿಸಿದೆ. ಇಡೀ ಪರದೆ ನಿಧಾನವಾಗಿ ಉಬ್ಬಿ ಅವಳ ಹತ್ತಿರ ಬಂತು. ಅಕ್ಕ ಹಿಂದಕ್ಕೆ ಒರಗಿದಳು. ಬೆನ್ನು ಕುರ್ಚಿಗೆ ತಾಗಿತು.

"ಇದೇನು ಮಾಡ್ದೆ? ಇದು ನಂಗೇ ಗೊತ್ತಿರಲಿಲ್ಲ."

"ಬರ್ಕೋ" ಎಂದೆ.

ಈ ಪುಸ್ತಕವನ್ನೇ ತೆರೆದು ಮುಂದಿಟ್ಟೆ. ಅಕ್ಕ ಪೆನ್ನು ತೆಗೆದುಕೊಂಡು, ನಾನು ಹೇಳಿದ್ದನ್ನು ಒಂದೊಂದೇ ಅಕ್ಷರವಾಗಿ, ತನಗೆ ಕಾಣುವಷ್ಟು ದೊಡ್ಡದಾಗಿ ಬರೆದುಕೊಂಡಳು. ಎದುರಿನ ಪುಟದಲ್ಲಿರುವುದು ಅದೇ. ಎಣಿಸಿ ನೋಡಿದೆ, ಎಂಟು ಸಾಲು ಇದೆ.